ಚಳ್ಳಕೆರೆಯ ದಾರಿಯಲ್ಲಿ ಶೀತಲ ಲಾರಿಯ ಸಾರಥಿ

ಹಿರಿಯೂರಿನಿಂದ ಹೊರಟು ಚಳ್ಳಕೆರೆ, ತಳಕು, ಬಿ.ಜಿ.ಕೆರೆ, ಹಾನಗಲ್, ರಾಂಪುರಗಳನ್ನು ಹಾಯ್ದು ಬಳ್ಳಾರಿಯನ್ನು ಸೇರುವ ಹೆದ್ದಾರಿಯಲ್ಲಿ ಪ್ರವಾಸ ಮಾಡಿದ ವಾಚಕರು, ದಾರಿಯ ಅಂಚಿನಲ್ಲಿ ನಿಂತಿರುವ ಬಿಳಿಯ ಪೆಟ್ಟಿಗೆಯಂಥ ಲಾರಿಗಳನ್ನು ಕಂಡಿರಲೇಬೇಕು. ಉಳಿದ ಲಾರಿಗಳು ನಿಂತೊಡನೆ ಸುಮ್ಮನಾಗುತ್ತವೆ. ಇವು ನಿಂತ ಮೇಲೂ ಗುಂಯ್‌ಗುಡುತ್ತಲೇ ಇರುತ್ತವೆ. ಒಳಗಿರುವುದು ಕೆಡುವ ಸ್ವಭಾವದ ಆಹಾರ ಪದಾರ್ಥ. ಅದನ್ನು ತಂಪಾಗಿರಿಸುವ ಯಂತ್ರಕ್ಕೆ ವಿರಾಮವಿರುವಂತಿಲ್ಲ. ಇದು ಯುಕ್ತವೇ. ಆದರೆ ಯಂತ್ರದೊಡನೆ ಅದರ ಸಾರಥಿಗೂ ವಿರಾಮವಿಲ್ಲವೆಂಬ ಸಂಗತಿಯನ್ನು ನಾವು ಕಳೆದ ಬೇಸಗೆಯಲ್ಲಿ ಮೊಳಕಾಲ್ಮೂರಿಗೆ ಹೋಗುತ್ತ ಪ್ರತ್ಯಕ್ಷವಾಗಿ ಕಂಡೆವು. ಕಂಡುದನ್ನು ಸಾರ್ವಜನಿಕರ ಮುಂದೆಯೂ ಅಧಿಕಾರಿವರ್ಗದವರ ಮುಂದೆಯೂ ಇಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಮಧ್ಯಾಹ್ನ ಎರಡು ಗಂಟೆಯ ಸಮಯ. ಚಳ್ಳಕೆರೆಯನ್ನು ದಾಟಿ ಸ್ವಲ್ಪ ದೂರದಲ್ಲಿ ಅಂಥದೊಂದು ಲಾರಿ ನಿಂತಿತ್ತು. ಸುತ್ತ ಮರವೆಂಬುದಿಲ್ಲ. ಚಾಲಕನು ಲಾರಿಯ ಕೆಳಗೆ, ಎರಡು ಗಾಲಿಗಳ ನಡುವಿನ ನೆರಳಿನಲ್ಲಿ, ಚಾಪೆ ಹಾಸಿಕೊಂಡು ಮಲಗಿದ್ದನು. ಪೆಟ್ಟಿಗೆಯಿಂದ ತೊಟ್ಟಿಕ್ಕುವ ನೀರಿನಿಂದ ಒಂದು ಮೊರದಗಲದ ನೆಲ ಒದ್ದೆಯಾಗಿತ್ತು. ನಾಲ್ಕಾರು ಕುರಿಗಳು ಆ ಒದ್ದೆಯ ಹತ್ತಿರ ಮೂತಿ ತಗ್ಗಿಸಿ ನಿಂತಿದ್ದವು. ಪೆಟ್ಟಿಗೆಯ ಒಳಗಿನ ಉಷ್ಣತೆಯನ್ನು ತೋರಿಸುವ ಕೆಂಪು ಅಂಕಿಗಳಲ್ಲಿ ಸೊನ್ನೆಗಿಂತ ಕೆಳಗೆ 18 ಡಿಗ್ರಿ ಎಂದಿತ್ತು. ಹೊರಗಿನ ಬಿಸಿಲು ನಲವತ್ತಕ್ಕೆ ಕಡಿಮೆಯಿರಲಿಲ್ಲ.

ಆತನು ಶಿರಾ ಸೀಮೆಯವನು. ವಯಸ್ಸು ನಲವತ್ತರ ಆಸುಪಾಸು. ಬೆಂಗಳೂರಿನ ಹೊರವಲಯದ ಗೋದಾಮಿನಲ್ಲಿ ರಾತ್ರಿಯೆಲ್ಲ ನಿಂತು ಐಸ್‌ಕ್ರೀಮು ಮತ್ತು ಹೆಪ್ಪುಗಟ್ಟಿಸಿದ ಬಟಾಣಿಯ ಲೋಡು ತುಂಬಿಸಿಕೊಂಡು ನಸುಕಿಗೆ ಮುಂಚೆ ಹೊರಟಿದ್ದನು. ಬಳ್ಳಾರಿಯಲ್ಲಿ ಇಳಿಸಬೇಕಾದವರು ಸಂಜೆಗೆ ಬಾ ಎಂದಿದ್ದರು. ಅಲ್ಲಿಂದ ಮುಂದೆ ರಾಯಚೂರು, ಕಲಬುರಗಿ. "ಮಲಗಿ ಎಷ್ಟು ಹೊತ್ತಾಯಿತು?" ಎಂದು ಕೇಳಿದೆವು. ಮಲಗಿದ್ದೇನೆ, ನಿದ್ದೆ ಮಾಡಿಲ್ಲ ಎಂದನು. ಯಂತ್ರದ ಸದ್ದಿಗೆ ಒಗ್ಗಿಹೋಗಿದೆಯಂತೆ. ಸದ್ದು ನಿಂತರೆ ಮಾತ್ರ ಥಟ್ಟನೆ ಎಚ್ಚರವಾಗುತ್ತದೆಯಂತೆ. ಪೆಟ್ಟಿಗೆಯ ಉಷ್ಣತೆ ಗಳಿಗೆಗಳಿಗೆಗೂ ದಾಖಲಾಗಿ ಮಾಲೀಕನ ಮೊಬೈಲಿಗೆ ಹೋಗುತ್ತದೆ. "ಪೆಟ್ಟಿಗೆ ಒಂದ್ ನಾಕ್ ಡಿಗ್ರಿ ಬಿಸಿಯಾದ್ರೆ ಓನರ್ರು ತಕ್ಷಣ ಫೋನ್ ಮಾಡ್ತಾರೆ ಸ್ವಾಮಿ. ಹೋದ್ ತಿಂಗಳು ನಂಗೇ ಜ್ವರ ಬಂದಿತ್ತು, ಅದು ಯಾವ ಫೋನಿಗೂ ಹೋಗ್ಲಿಲ್ಲ" ಎಂದು ಆತನು ನಗುತ್ತಲೇ ಹೇಳಿದನು.

ಶೀತಲ ಲಾರಿಯೆಂಬುದು ಎಂಥ ವಸ್ತುವೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸುವುದು ಆವಶ್ಯಕ. ಅದರ ಗೋಡೆಗಳ ಎರಡು ತಗಡುಗಳ ನಡುವೆ ಗಟ್ಟಿಯಾದ ನೊರೆಯಂಥ ಪದಾರ್ಥವನ್ನು ತುಂಬಿರುತ್ತಾರೆ; ಹೊರಗಿನ ಬಿಸಿ ಒಳಕ್ಕೆ ಬಾರದಂತೆ ಅದು ತಡೆಯುತ್ತದೆ. ಮುಂಭಾಗದಲ್ಲಿ ಶೀತಕ ಯಂತ್ರ. ಸಣ್ಣ ಗಾಡಿಗಳಲ್ಲಿ ಇದು ಲಾರಿಯ ಎಂಜಿನ್ನಿನಿಂದಲೇ ಶಕ್ತಿ ಪಡೆಯುವುದರಿಂದ, ಎಂಜಿನ್ ನಿಂತರೆ ತಂಪೂ ನಿಂತಿತು. ದೊಡ್ಡವುಗಳಲ್ಲಿ ಅದಕ್ಕೆಂದೇ ಬೇರೆ ಡೀಸೆಲ್ ಎಂಜಿನ್ ಉಂಟು. ಜನರಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. ಈ ಪೆಟ್ಟಿಗೆಯು ಪದಾರ್ಥವನ್ನು ತಂಪು ಮಾಡುತ್ತದೆಂದು ಭಾವಿಸುತ್ತಾರೆ. ಹಾಗಲ್ಲ, ತಂಪಾಗಿ ಬಂದುದನ್ನು ತಂಪಾಗಿಯೇ ಉಳಿಸುವುದಷ್ಟೇ ಅದರ ಸಾಮರ್ಥ್ಯ. ಹೊಲದ ಕಾವಿನೊಡನೆ ಬಂದ ದಾಳಿಂಬೆಯನ್ನು ನೇರವಾಗಿ ಒಳಗೆ ಒಟ್ಟಿದರೆ, ಊರು ಮುಟ್ಟುವವರೆಗೂ ಯಂತ್ರ ಏದುಸಿರು ಬಿಟ್ಟರೂ ಕಾವು ಆರದು. ಪೆಟ್ಟಿಗೆಗಳ ನಡುವೆ ಗಾಳಿಯಾಡಲು ಸಂದು ಬಿಡಬೇಕು. ಬಾಗಿಲನ್ನು ತೆರೆದಷ್ಟು ಹೊತ್ತೂ ತಂಪು ಸೋರಿಹೋಗುತ್ತದೆ. ಒಂದೊಂದು ಪದಾರ್ಥಕ್ಕೆ ಒಂದೊಂದು ಹದ: ಹೆಪ್ಪುಗಟ್ಟಿದ ಮೀನು ಮಾಂಸಗಳಿಗೆ ಸೊನ್ನೆಗಿಂತ ಕೆಳಗೆ 18 ಡಿಗ್ರಿ, ಹಾಲಿಗೆ ಸೊನ್ನೆಯ ಮೇಲೆ 4ರ ಸುಮಾರು, ಬಾಳೆಹಣ್ಣನ್ನು 13ಕ್ಕಿಂತ ಕೆಳಗೆ ಇಳಿಸಿದರೆ ಸಿಪ್ಪೆ ಕಪ್ಪಿಡುತ್ತದೆ. ಇದೆಲ್ಲವನ್ನೂ ಬಲ್ಲವನೇ ಈ ಲಾರಿಯನ್ನು ನಡೆಸಬಲ್ಲನು. ಚಕ್ರ ತಿರುಗಿಸುವವನು ಎಂದು ಆತನನ್ನು ಲಘುವಾಗಿ ಕಾಣುವವರು ಈ ವಿದ್ಯೆಯನ್ನು ಗಣನೆಗೆ ತಂದುಕೊಂಡಿಲ್ಲ.

ಲಾರಿಗೆ ಹೊಂದುವ ಇಂಥ ಯಂತ್ರವನ್ನು ಮೊದಲು ಸಫಲವಾಗಿ ನಿರ್ಮಿಸಿದವನು ಫ್ರೆಡರಿಕ್ ಮೆಕಿನ್ಲಿ ಜೋನ್ಸ್ ಎಂಬ ಅಮೇರಿಕದ ಕರಿಯ ಜನಾಂಗದ ಮೆಕ್ಯಾನಿಕ್. ಬಾಲ್ಯದಲ್ಲೇ ಅನಾಥನಾಗಿ, ಶಾಲೆಯ ಓದು ಹೆಚ್ಚಿಲ್ಲದೆ, ಮೋಟಾರು ಷೆಡ್ಡುಗಳಲ್ಲಿ ಕೈಕೆಲಸದಿಂದಲೇ ವಿದ್ಯೆ ಗಳಿಸಿದ ಈತನಿಗೆ 1940ರ ದಶಕದಲ್ಲಿ ಈ ಯಂತ್ರದ ಪೇಟೆಂಟು ದೊರೆಯಿತು. ಅಮೇರಿಕ ಸರಕಾರ ಆತನಿಗೆ ತಂತ್ರವಿದ್ಯೆಯ ರಾಷ್ಟ್ರೀಯ ಪದಕವನ್ನು ಕೊಟ್ಟುದು 1991ರಲ್ಲಿ. ಆಗ ಆತನು ತೀರಿಕೊಂಡು ಮೂವತ್ತು ವರ್ಷಗಳಾಗಿದ್ದವು.

ನಮ್ಮ ಚಳ್ಳಕೆರೆ, ಮೊಳಕಾಲ್ಮೂರುಗಳಿಗೂ ಶೀತಲ ಲಾರಿಗೂ ಏನು ಸಂಬಂಧವೆಂದು ಕೇಳುವವರುಂಟು. ರಾಜ್ಯದಲ್ಲೇ ಅತ್ಯಂತ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೊಂದು. ಇಲ್ಲಿಯ ಹಿರಿಯರು ಬೆಳೆದ ಬೆಳೆಗಳನ್ನು ನೋಡಿರಿ: ನವಣೆ, ಸಜ್ಜೆ, ಹುರುಳಿ, ಶೇಂಗಾ, ಹುಣಸೆ. ಒಂದಾದರೂ ಅವಸರದ ಪದಾರ್ಥವಲ್ಲ. ವಾಡೆಯಲ್ಲಿಟ್ಟರೆ ವರ್ಷ ಕಾಯುತ್ತವೆ. ಗಾಡಿ ತಡವಾದರೆ ನಷ್ಟವಿಲ್ಲ. ಶೇಂಗಾ ಎಣ್ಣೆಯ ಗಿರಣಿಗಳಿಂದಲೇ ಚಳ್ಳಕೆರೆಗೆ ಎಣ್ಣೆಯ ನಗರವೆಂದು ಹೆಸರು ಬಂದುದು. ಎಣ್ಣೆಯ ಡಬ್ಬಕ್ಕೆ ಮಂಜುಗಡ್ಡೆ ಬೇಕಿರಲಿಲ್ಲ. ಈರುಳ್ಳಿಯೂ ಅಷ್ಟೇ: ತೆರೆದ ಲಾರಿಯಲ್ಲಿ, ಗಾಳಿಯಾಡುವ ಚೀಲಗಳಲ್ಲಿ, ಇಂದಿಗೂ ಯಶವಂತಪುರದ ಮಾರುಕಟ್ಟೆಗೆ ಹೋಗುತ್ತದೆ. ಮಳೆಯಿಲ್ಲದ ನಾಡು ಕೆಡದ ಬೆಳೆಯನ್ನು ಆರಿಸಿಕೊಂಡಿತ್ತು.

ಕೊಳವೆ ಬಾವಿ ಬಂದ ಮೇಲೆ ಈ ಕ್ರಮ ತಿರುಗಿತು. ನೂರಾರು ಅಡಿ ಆಳದ ನೀರನ್ನೆತ್ತಿ ಹನಿ ನೀರಾವರಿಯಿಂದ ದಾಳಿಂಬೆ, ಪಪಾಯಿ, ಟೊಮೇಟೊಗಳನ್ನು ಬೆಳೆಯುವ ರೈತರಿಗೆ, ಸಾಲ ಮಾಡಿ ತೋಡಿಸಿದ ಬಾವಿಯ ಋಣವನ್ನು ಹಣ್ಣು ಕೆಡುವುದರೊಳಗೆ ತೀರಿಸಬೇಕಾಗಿದೆ. ಹಳ್ಳಿಹಳ್ಳಿಯ ಹಾಲು ಶೀತಲೀಕರಣಗೊಂಡು ಟ್ಯಾಂಕರುಗಳಲ್ಲಿ ಡೈರಿಗೆ ಹೊರಡುತ್ತದೆ. ಅದೇ ದಾರಿಯಲ್ಲಿ ಎದುರಿನಿಂದ ಪಟ್ಟಣದ ಐಸ್‌ಕ್ರೀಮು, ಬೆಣ್ಣೆ, ಕೋಳಿಮಾಂಸ ಬರುತ್ತವೆ. ಅವಸರವೆಂಬುದು ಈ ಸೀಮೆಗೆ ಹೊಸದಾಗಿ ಬಂದ ಪದಾರ್ಥ. ಅದನ್ನು ಹೊತ್ತು ತಿರುಗುವವನು ಚಾಲಕ.

ದೇಶದಲ್ಲಿ ಇಂಥ ಲಾರಿಗಳೆಷ್ಟು ಬೇಕು, ಎಷ್ಟಿವೆಯೆಂಬುದನ್ನು ರಾಷ್ಟ್ರೀಯ ಶೀತಲ ಸರಪಳಿ ಅಭಿವೃದ್ಧಿ ಕೇಂದ್ರದ ಪರವಾಗಿ 2015ರಲ್ಲಿ ಲೆಕ್ಕ ಹಾಕಲಾಯಿತು. ಬೇಕಾದವು 61,826, ಇದ್ದವು ಸುಮಾರು 9,000. ಹೊಲದ ಬಳಿಯಲ್ಲೇ ಹಣ್ಣು ತರಕಾರಿಗಳನ್ನು ವಿಂಗಡಿಸಿ ಪೂರ್ವಭಾವಿಯಾಗಿ ತಂಪು ಮಾಡುವ ಪ್ಯಾಕ್‌ಹೌಸುಗಳು 70,080 ಬೇಕಿದ್ದಲ್ಲಿ ಆಗ ಇದ್ದುವು ಕೇವಲ 249. ಈ ಎರಡನೆಯ ಅಂಕಿಯೇ ನಮಗೆ ಹೆಚ್ಚು ಭಯಾನಕವಾಗಿ ತೋರುತ್ತದೆ. ಕಾವಾರದ ಹಣ್ಣನ್ನು ತುಂಬಿದ ಲಾರಿಯ ಚಾಲಕನು ವೇಗವನ್ನು ಹೆಚ್ಚಿಸದೆ ಏನು ಮಾಡಬೇಕು? ಯಂತ್ರ ಮಾಡಲಾರದುದನ್ನು ಆತನ ಕಾಲು ಮಾಡಬೇಕಾಗುತ್ತದೆ. ಅಂದಿನಿಂದ ಎರಡು ಅಂಕಿಗಳೂ ಮೇಲೇರಿವೆ, ಸಂತೋಷ. ಆದರೆ ಲಾರಿಗಳನ್ನು ಎಣಿಸಿದ ಆ ಲೆಕ್ಕದಲ್ಲಿ, ಅಷ್ಟು ಲಾರಿಗಳನ್ನು ನಡೆಸುವ ಮನುಷ್ಯರು ಎಲ್ಲಿ ಮಲಗತಕ್ಕವರೆಂಬ ಪ್ರಶ್ನೆಗೆ ಕಲಮು ಇರಲಿಲ್ಲ.

ಕಾನೂನು ಇಲ್ಲವೆ? ಉಂಟು. 1961ರಲ್ಲಿ ಪಾರ್ಲಿಮೆಂಟು ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆಯನ್ನು ಮಾಡಿತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ದುಡಿಮೆ. ದೂರದ ದಾರಿಗಳಲ್ಲಿ ಅನುಮತಿಯ ಮೇರೆಗೆ ದಿನಕ್ಕೆ 10 ಗಂಟೆ. 5 ಗಂಟೆಯಾದ ಮೇಲೆ ಅರ್ಧ ಗಂಟೆಯಾದರೂ ಬಿಡುವು. ಕೆಲಸಗಾರರು ರಾತ್ರಿ ತಂಗಬೇಕಾದ ಸ್ಥಳಗಳಲ್ಲಿ ಮಾಲೀಕನೇ ವಿಶ್ರಾಂತಿ ಕೊಠಡಿಗಳನ್ನು ಒದಗಿಸತಕ್ಕದ್ದು. ಓದಿದರೆ ಮನಸ್ಸಿಗೆ ಹಿತವಾಗುತ್ತದೆ. ಗಂಟೆಗಳ ಮಿತಿಯನ್ನು 1988ರ ಮೋಟಾರು ವಾಹನ ಕಾಯಿದೆ ಎಲ್ಲ ಸಾರಿಗೆ ವಾಹನಗಳ ಚಾಲಕರಿಗೂ ವಿಸ್ತರಿಸಿತು. ಆದರೆ ವಿಶ್ರಾಂತಿ ಕೊಠಡಿಯೇ ಮೊದಲಾದ ಸೌಕರ್ಯಗಳು ಐವರು ಅಥವಾ ಹೆಚ್ಚು ಜನ ಕೆಲಸಗಾರರಿರುವ ಸಂಸ್ಥೆಗಳಿಗೆ ಮಾತ್ರ ಎಂದಿತ್ತು. ನಮ್ಮಲ್ಲಿ ಲಾರಿಯ ಒಡೆತನವೆಂದರೆ ಬಹುಮಟ್ಟಿಗೆ ಒಂದು ಲಾರಿ, ಎರಡು ಲಾರಿಯ ಒಡೆತನ. ನಾವು ಕಂಡ ಚಾಲಕನ ಮಾಲೀಕನಿಗೆ ಇದ್ದುದು ಎರಡು. ಆ ಮಾಲೀಕನೂ ಸಾಲದ ಕಂತಿನ ಭಾರದಲ್ಲಿಯೇ ಇರತಕ್ಕವನು. ಚಳ್ಳಕೆರೆಯಲ್ಲೊಂದು, ಕಲಬುರಗಿಯಲ್ಲೊಂದು ಕೊಠಡಿ ಕಟ್ಟಿಸೆಂದು ಅವನನ್ನು ಕೇಳುವುದು ಹಾಸ್ಯಾಸ್ಪದ.

ಈ ಹಳೆಯ ಕಾಯಿದೆಯು ಈಗ 2020ರ ಕಾರ್ಮಿಕ ಸುರಕ್ಷತಾ ಸಂಹಿತೆಯಲ್ಲಿ ಲೀನವಾಗಿದೆ. ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಅದರಲ್ಲಿ ಐದರ ಜಾಗದಲ್ಲಿ ಹತ್ತು ಎಂದಿದೆ. ಹೊಲಿಗೆ ಬಿಟ್ಟ ಅಂಗಿಗೆ ತೇಪೆ ಹಾಕುವ ಬದಲು ತೂತನ್ನು ಇಮ್ಮಡಿ ಮಾಡಿದಂತಾಯಿತಲ್ಲವೆ? ಶಾಸಕರು ಇದನ್ನು ಯಾವ ಉದ್ದೇಶದಿಂದ ಮಾಡಿದರೆಂಬುದನ್ನು ನಾವು ಇಲ್ಲಿ ವಿಚಾರಿಸುವುದಿಲ್ಲ. ಫಲವಂತೂ ಆ ಗಾಲಿಗಳ ನಡುವಣ ಚಾಪೆಯಲ್ಲಿ ಕಾಣುತ್ತಿತ್ತು.

ನ್ಯಾಯವಾಗಿ ಒಂದು ಒಳ್ಳೆಯ ಮಾತನ್ನೂ ಹೇಳಬೇಕು. ಹೊಸದಾಗಿ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಚಾಲಕನ ಕೋಣೆಗೂ ಹವಾ ನಿಯಂತ್ರಣವಿರಬೇಕೆಂಬ ಕೇಂದ್ರ ಸರಕಾರದ ನಿಯಮ 2025ರಲ್ಲಿ ಜಾರಿಗೆ ಬಂದಿದೆ. ಸಾರ್ವಜನಿಕ ತೈಲ ಕಂಪೆನಿಗಳ ಕೆಲವು ಪಂಪುಗಳಲ್ಲಿ 'ಅಪ್ನಾ ಘರ್' ಎಂಬ ವಿಶ್ರಾಂತಿ ಕೊಠಡಿಗಳೂ ಆಗಿವೆ. ಇವೆರಡೂ ಸ್ತುತ್ಯವೇ. ಆದರೆ ರಸ್ತೆಯಲ್ಲಿರುವ ಹಳೆಯ ಲಾರಿಗಳು ಇನ್ನೂ ಎಷ್ಟೋ ವರ್ಷ ಓಡುತ್ತವೆ. ಅವುಗಳಲ್ಲಿ ಬೆನ್ನ ಹಿಂದಿನ ಬಟಾಣಿಗೆ ಮಂಜಿನ ಚಳಿ, ಮುಂದಿರುವ ಮನುಷ್ಯನಿಗೆ ಎಂಜಿನ್ನಿನ ಕಾವು. ಯುರೋಪಿನ ಒಕ್ಕೂಟದಲ್ಲಿ ಚಾಲಕನು ನಾಲ್ಕೂವರೆ ಗಂಟೆ ನಡೆಸಿದ ಮೇಲೆ 45 ನಿಮಿಷ ನಿಲ್ಲಿಸಲೇಬೇಕು. ದಿನಕ್ಕೆ ಸಾಮಾನ್ಯವಾಗಿ 9 ಗಂಟೆ ಮಾತ್ರ. ಗಾಡಿಯಲ್ಲಿಟ್ಟ ಯಂತ್ರವೇ ಇದಕ್ಕೆ ಸಾಕ್ಷಿ. ವಾರದ ದೀರ್ಘ ವಿಶ್ರಾಂತಿಯನ್ನು ಲಾರಿಯ ಕೋಣೆಯಲ್ಲಿ ಕಳೆಯಕೂಡದೆಂದೂ ಅಲ್ಲಿ ಕಟ್ಟಪ್ಪಣೆಯುಂಟು. ನಮ್ಮಲ್ಲಿ ಪೆಟ್ಟಿಗೆಯ ಉಷ್ಣತೆಗೆ ಸಾಕ್ಷಿಯಂತ್ರ ಬಂದಿದೆ. ಚಾಲಕನ ಎಚ್ಚರಕ್ಕೆ ಇನ್ನೂ ಬಂದಿಲ್ಲ.

ದೂರದ ಯುರೋಪು ಹಾಗಿರಲಿ. ನಾವು ನಿಂತಿದ್ದ ನೆಲದಲ್ಲಿಯೇ ಇದಕ್ಕೆ ಇನ್ನೊಂದು ಮೇಲ್ಪಂಕ್ತಿಯಿದೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಅಂದರೆ 1673ರಿಂದ 1704ರ ಒಳಗೆ, 'ಬೆಣ್ಣೆ ಚಾವಡಿ' ಎಂಬ ಪಶು ಇಲಾಖೆಯೊಂದು ಏರ್ಪಟ್ಟು ರಾಜ್ಯದ ಹಲವು ಭಾಗಗಳಲ್ಲಿ ಹುಲ್ಲುಗಾವಲುಗಳು ಅದಕ್ಕೆ ಮೀಸಲಾದವು. ಹೈದರನು ಈ ತಳಿಯ ಎತ್ತುಗಳನ್ನು ದಂಡಿನ ಸಾಮಗ್ರಿ ಹೊರಲು, ತೋಪು ಎಳೆಯಲು ಹೂಡಿದನು. ಚಿದಂಬರದ ನೆರವಿಗೆ ಆತನು ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದುದು ಇವುಗಳ ಬಲದಿಂದಲೇ ಎಂದು ಗೆಜೆಟಿಯರುಗಳು ಹೇಳುತ್ತವೆ. ಟಿಪ್ಪು ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟು ಕಟ್ಟಳೆಗಳನ್ನು ವಿಧಿಸಿದನು. ಲಾರಿಯಿಲ್ಲದ ಕಾಲದಲ್ಲಿ ದೂರದ ದಾರಿಯ ಸಾಗಾಟದ ಹೆಸರಾಂತ ಪ್ರಾಣಿ ಇದು.

ನಮ್ಮ ಮಾತಿಗೆ ಬೇಕಾದುದು ಎತ್ತುಗಳ ಓಟವಲ್ಲ, ಅವುಗಳ ವಿಶ್ರಾಂತಿಗೆ ಇದ್ದ ಏರ್ಪಾಡು. ಅಮೃತಮಹಲ್ ಕಾವಲುಗಳನ್ನು ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿದ್ದರು. ಕೆರೆಯಂಗಳದ ಹುಲ್ಲು, ನೀರು, ಮರಗಳ ನೆರಳು ಇರುವ ಸ್ಥಳಗಳು ಬೇಸಗೆಗೆ ಮೀಸಲು. ಆದುದರಿಂದ ಅವಕ್ಕೆ ಬೆಲೆ ಹೆಚ್ಚು. ಋತು ತಿರುಗಿದಂತೆ ಹಿಂಡುಗಳು ಒಂದು ಕಾವಲಿನಿಂದ ಇನ್ನೊಂದಕ್ಕೆ ಹೋಗುತ್ತಿದ್ದವು. ಭಾರ ಹೊರುವ ಪ್ರಾಣಿಗೆ ಬಿಸಿಲಿನಲ್ಲಿ ನೆರಳು ಬೇಕು, ಬಾಯಾರಿದಾಗ ನೀರು ಬೇಕು, ಇದು ಯಜಮಾನನ ಕೃಪೆಯಲ್ಲ, ರಾಜ್ಯದ ಹೊಣೆ ಎಂಬುದನ್ನು ಆ ಆಡಳಿತಗಾರರು ಅರಿತಿದ್ದರು. ದಯೆಯಿಂದ ಅರಿತರೋ ಯುದ್ಧದ ಲೆಕ್ಕಾಚಾರದಿಂದ ಅರಿತರೋ, ಅರಿತಿದ್ದರು.

ಚಳ್ಳಕೆರೆಯ ಸುತ್ತಣ ಕುದಾಪುರ, ವರವು, ಉಳ್ಳಾರ್ತಿಗಳ ಕಾವಲುಗಳು ಇಂಥವೇ. 2008ರಿಂದೀಚೆಗೆ ಇವುಗಳಲ್ಲಿ ಸುಮಾರು ಎಂಟು ಸಾವಿರ ಎಕರೆಗೂ ಹೆಚ್ಚು ನೆಲವನ್ನು ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೂ ಭಾರತೀಯ ವಿಜ್ಞಾನ ಸಂಸ್ಥೆಗೂ ಕೊಡಲಾಯಿತು. ಕುರಿ ಮೇಯಿಸುವವರೂ ಆ ಉಣ್ಣೆಯಿಂದ ಕಂಬಳಿ ನೇಯುವವರೂ ಅದನ್ನು ಪ್ರತಿಭಟಿಸಿದರು. ವ್ಯಾಜ್ಯವು ಹಸುರು ನ್ಯಾಯಾಧಿಕರಣದವರೆಗೂ ಹೋಯಿತು. ಆ ವಿವಾದವನ್ನು ಇಂದು ಬಿಚ್ಚುವುದು ನಮ್ಮ ಉದ್ದೇಶವಲ್ಲ. ರಾಷ್ಟ್ರದ ವಿಜ್ಞಾನಕ್ಕೆ ಸಾವಿರಾರು ಎಕರೆ ದೊರೆತ ತಾಲ್ಲೂಕಿನಲ್ಲಿ, ರಾಷ್ಟ್ರಕ್ಕೆ ಅನ್ನ ಹೊರುವವನಿಗೆ ಎರಡು ಎಕರೆ ದೊರೆಯಬಾರದೆ ಎಂದಷ್ಟೇ ಕೇಳುತ್ತೇವೆ.

ಆ ಕಂಬಳಿಯ ಮಾತು ಬಂದುದರಿಂದ ಒಂದು ಸಂಗತಿ ನೆನಪಾಯಿತು. ಚಾಲಕನ ಕೋಣೆಯಲ್ಲಿ, ಆ ಉರಿಬಿಸಿಲಿನಲ್ಲಿ, ಮಡಿಸಿಟ್ಟ ಕರಿಯ ಕಂಬಳಿಯೊಂದನ್ನು ಕಂಡು ನಾವು ಆಶ್ಚರ್ಯಪಟ್ಟೆವು. ಚಳ್ಳಕೆರೆಯಲ್ಲಿಯೇ ಕೊಂಡದ್ದೆಂದನು. ಸರಕು ಇಳಿಸುವಾಗ ಆತನೂ ಒಳಗೆ ಹೋಗಬೇಕಾಗುತ್ತದೆ; ಹೊರಗಿನ ನಲವತ್ತರಿಂದ ಒಳಗಿನ ಹದಿನೆಂಟರ ಚಳಿಗೆ, ಮತ್ತೆ ಹೊರಕ್ಕೆ; ಹೀಗೆ ಹತ್ತಾರು ಸಲ. ಸುಮಾರು ಅರವತ್ತು ಡಿಗ್ರಿಗಳ ಅಂತರ! ದಪ್ಪ ಕೋಟು, ಕೈಚೀಲಗಳನ್ನು ಕೊಡುವ ಸಂಸ್ಥೆಗಳೂ ಇವೆಯಂತೆ, ಆತನಿಗೆ ಕೊಟ್ಟವರಿಲ್ಲ. ಕಂಬಳಿಯನ್ನು ಕೊಪ್ಪೆ ಹಾಕಿಕೊಂಡು ಒಳಗೆ ಹೋಗುತ್ತಾನೆ. "ಮಳೆಗೆ ನಮ್ಮಪ್ಪ ಹಿಂಗೇ ಹಾಕ್ಕೊಂತಿದ್ದ" ಎಂದನು.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸರು ಬೆಳಕಿಗೆ ತಂದುದನ್ನು ನಮ್ಮ ವಾಚಕರು ಬಲ್ಲರು. ಈ ಬಂಡೆಗಳ ಮೇಲೆ ತಾಯಿತಂದೆಗಳ ಸೇವೆ, ಪ್ರಾಣಿದಯೆ, ಸತ್ಯಗಳ ಮಾತಿದೆ, ದಾರಿಯ ಮಾತಿಲ್ಲ. ಅದೇ ಅರಸನು ದಾರಿಗಳಲ್ಲಿ ಆಲದ ಮರಗಳನ್ನೂ ಮಾವಿನ ತೋಪುಗಳನ್ನೂ ಹಾಕಿಸಿ, ಬಾವಿ ತೋಡಿಸಿ, ತಂಗುದಾಣಗಳನ್ನು ಕಟ್ಟಿಸಿದುದನ್ನು ಬೇರೊಂದು ಕಡೆ, ಈಗ ದಿಲ್ಲಿಯಲ್ಲಿರುವ ಸ್ತಂಭದ ಮೇಲೆ, ಬರೆಸಿದ್ದಾನೆ. ಪಶುಗಳಿಗೂ ಮನುಷ್ಯರಿಗೂ ಎಂದು ಅಲ್ಲಿ ಸ್ಪಷ್ಟವಾಗಿದೆ. ಶಾಸನಗಳನ್ನು ನೋಡಲು ಹಾನಗಲ್ ಕೂಡುರಸ್ತೆಯಲ್ಲಿ ತಿರುಗುವ ವಿದ್ವಾಂಸರೂ ಅಧಿಕಾರಿಗಳೂ ಅಲ್ಲಿ ನಿಂತಿರುವ ಲಾರಿಗಳನ್ನು ಒಮ್ಮೆ ನೋಡಿದರೆ ಉಪಕಾರವಾದೀತು.

ನಮ್ಮ ಸೂಚನೆ ದೊಡ್ಡದೇನಲ್ಲ. ಚಳ್ಳಕೆರೆಯ ಬಳಿ ಒಂದು, ಹಾನಗಲ್ ಕೂಡುರಸ್ತೆಯ ಬಳಿ ಒಂದು ತಂಗುದಾಣವಾಗಲಿ. ಮಂಚ, ಸ್ನಾನದ ಮನೆ, ಕುಡಿಯುವ ನೀರು ಇರಲಿ. ಇವು ಎಲ್ಲ ಚಾಲಕರಿಗೂ ಬೇಕಾದುವು. ಶೀತಲ ಲಾರಿಗೆ ವಿಶೇಷವಾಗಿ ಬೇಕಾದುದು ಮೂರು ಫೇಸಿನ ವಿದ್ಯುತ್ ಸಾಕೆಟ್ಟುಗಳ ಒಂದು ಸಾಲು. ಡೀಸೆಲ್ ಎಂಜಿನ್ನನ್ನು ನಿಲ್ಲಿಸಿ ಕರೆಂಟಿನಿಂದಲೇ ತಂಪು ಕಾಯುವ ಸೌಕರ್ಯ ಅನೇಕ ಯಂತ್ರಗಳಲ್ಲಿ ಈಗಾಗಲೇ ಉಂಟು. ನಾವು ಕಂಡ ಲಾರಿಯಲ್ಲಿಯೂ ಇತ್ತು. ಅದರ ಪ್ಲಗ್ಗನ್ನು ಆತನು ನಮಗೆ ತೋರಿಸಿದನು: ಧೂಳು ಹಿಡಿದಿತ್ತು. ದಾರಿಯಲ್ಲಿ ಅದನ್ನು ಚುಚ್ಚಲು ಸ್ಥಳವೇ ಇಲ್ಲ. ಕರೆಂಟಿಗೆ ಮೀಟರು ಹಾಕಿ ಹಣ ತೆಗೆದುಕೊಳ್ಳಲಿ. ಉಳಿದ ಡೀಸೆಲ್ಲಿನಲ್ಲಿ ಮಾಲೀಕನು ಸಂತೋಷದಿಂದ ಕೊಡುತ್ತಾನೆ. ಸರಕನ್ನು ಇಳಿಸಿಕೊಳ್ಳುವ ವರ್ತಕರು ಹೇಳಿದ ಹೊತ್ತಿಗೆ ಬಾಗಿಲು ತೆರೆಯದಿದ್ದರೆ ಕಾದ ಗಂಟೆಗಳಿಗೆ ಬತ್ತ ಸಲ್ಲಬೇಕೆಂಬ ಕರಾರು ಬಾಡಿಗೆಯ ಚೀಟಿಯಲ್ಲಿಯೇ ಇರಲಿ. ಐದು, ಹತ್ತು ಎಂಬ ಸಂಖ್ಯೆಯ ಕಟ್ಟನ್ನು ಬಿಟ್ಟು, ತಂಗುದಾಣದ ಹೊಣೆಯನ್ನು ಸಣ್ಣ ಮಾಲೀಕನ ಮೇಲೆ ಹೊರಿಸದೆ, ಹೆದ್ದಾರಿಯಲ್ಲಿ ಸುಂಕ ವಸೂಲು ಮಾಡುವವರ ಮೇಲೆ ಹೊರಿಸುವುದು ನ್ಯಾಯವೆಂದು ನಮಗೆ ತೋರುತ್ತದೆ. ಕಟ್ಟಡಕ್ಕೆ ಅಂದಾಜುಪಟ್ಟಿ, ಮಂಜೂರಾತಿ ಎಂದು ಕಾಲ ಹಿಡಿದೀತು. ಬೇವು ಹುಣಸೆಗಳ ಸಸಿ ನೆಡುವುದಕ್ಕೆ ಅಂಥ ತೊಡಕಿಲ್ಲ. ಮುಂಗಾರಿನ ಮೊದಲ ಮಳೆ ಬಿದ್ದೊಡನೆ ನಗರಸಭೆಯವರು ಗುಂಡಿ ತೋಡಿಸಬಹುದು.